ಶೇರ್ ಮಾಡಿದರೆ ಕೂಸಿಗೆ ಒಂದು ರೂಪಾಯಿ ಹೋಗುತ್ತದೆಯೇ? ದಿನ ತುಂಬದ ಮಕ್ಕಳಿಗಾಗಿ ಓಡುವವರ ದುಡ್ಡಿನ ಲೆಕ್ಕ

ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಷ್ಟೇ ಇರುವ ಕೂಸು, ಮೂಗಿಗೊಂದು ನಳಿಕೆ. ಫೋಟೊ ಕೆಳಗೆ ನಾಲ್ಕು ಸಾಲು: ಇಂಥವರು ಬೆಂಗಳೂರಿನಲ್ಲಿ ಇಷ್ಟು ಕಿಲೋಮೀಟರ್ ಓಡುತ್ತಿದ್ದಾರೆ, ದಿನ ತುಂಬದೆ ಹುಟ್ಟುವ ಮಕ್ಕಳ ಮೇಲಿನ ಸಂಶೋಧನೆಗೆ ಹಣ ಸೇರಿಸುತ್ತಿದ್ದಾರೆ, ಈ ಮೆಸೇಜನ್ನು ಹತ್ತು ಗ್ರೂಪಿಗೆ ಕಳಿಸಿದರೆ ಕಂಪನಿಯವರು ಪ್ರತಿ ಶೇರಿಗೆ ಒಂದು ರೂಪಾಯಿ ಕೊಡುತ್ತಾರೆ. ಇಂಥ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು.

ಇದರಲ್ಲಿ ಎರಡು ಮಾತುಗಳು ಅಂಟಿಕೊಂಡಿವೆ, ಬಿಡಿಸಿ ನೋಡಬೇಕು. ಓಡಿ, ನಡೆದು, ಸೈಕಲ್ ತುಳಿದು ಸಂಶೋಧನೆಗೆ ಹಣ ಸೇರಿಸುವುದು ನಿಜ. ಐವತ್ತು ವರ್ಷಕ್ಕೂ ಮೀರಿದ ಇತಿಹಾಸ ಅದಕ್ಕಿದೆ. ಶೇರಿಗೊಂದು ರೂಪಾಯಿ ಎನ್ನುವುದು ಸುಳ್ಳು. ಯಾರು ಎಷ್ಟು ಫಾರ್ವರ್ಡ್ ಮಾಡಿದರು ಎಂದು ಎಣಿಸಿ ಹೊರಗಿನ ಕಂಪನಿಗೆ ಲೆಕ್ಕ ಕೊಡುವ ವ್ಯವಸ್ಥೆ ವಾಟ್ಸಾಪಿನಲ್ಲಿ ಇಲ್ಲವೇ ಇಲ್ಲ. ನೀವು ಹತ್ತಲ್ಲ, ನೂರು ಗ್ರೂಪಿಗೆ ಕಳಿಸಿದರೂ ಯಾವ ಆಸ್ಪತ್ರೆಗೂ ನಾಲ್ಕಾಣೆ ಹೋಗುವುದಿಲ್ಲ.

ಹಾಗಾದರೆ ದುಡ್ಡು ಹೋಗುವ ದಾರಿ ಯಾವುದು? ಅದರಿಂದ ಮಕ್ಕಳು ಬದುಕುತ್ತಾರೆಯೇ? ಅದನ್ನು ನೋಡುವ ಮೊದಲು ಒಂದು ಹಳೆಯ ನಂಬಿಕೆಯ ವಿಷಯ ಮುಗಿಸೋಣ.

ಏಳು ತಿಂಗಳದ್ದು ಬದುಕುತ್ತೆ, ಎಂಟು ತಿಂಗಳದ್ದು ಬದುಕಲ್ಲ?

ಗರ್ಭ ಸುಮಾರು 40 ವಾರಗಳದ್ದು. 37 ವಾರ ತುಂಬುವ ಮೊದಲೇ ಹುಟ್ಟಿದರೆ ವೈದ್ಯರು ಅವಧಿಪೂರ್ವ ಜನನ ಎನ್ನುತ್ತಾರೆ. ಮನೆಯಲ್ಲಿ ನಾವು ದಿನ ತುಂಬದ ಕೂಸು ಎನ್ನುತ್ತೇವೆ. 32ರಿಂದ 37 ವಾರದೊಳಗಿನವು ಒಂದು ಗುಂಪು, 28ರಿಂದ 32ರವು ಇನ್ನೊಂದು, 28ಕ್ಕಿಂತ ಮೊದಲೇ ಹುಟ್ಟಿದವು ಅತ್ಯಂತ ನಾಜೂಕಾದವು.

ಏಳು ತಿಂಗಳಿಗೆ ಹುಟ್ಟಿದ ಮಗು ಬದುಕುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂಬ ಮಾತನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಅವರಷ್ಟೇ ಅಲ್ಲ, ಗ್ರೀಕರೂ ಹೇಳುತ್ತಿದ್ದರು. ಹಿಪೊಕ್ರಾಟಿಸನ ಹೆಸರಿನಲ್ಲಿ ಉಳಿದಿರುವ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಎಂಟು ತಿಂಗಳ ಮಗುವಿನ ಬಗ್ಗೆಯೇ ಒಂದು ಪ್ರತ್ಯೇಕ ಪುಸ್ತಕವಿದೆ. ಎರಡು ಸಾವಿರ ವರ್ಷ ದಾಟಿ ಬಂದರೂ ಮಾತು ತಪ್ಪೇ. ಗರ್ಭದೊಳಗೆ ಕಳೆದ ಪ್ರತಿ ವಾರವೂ ಶ್ವಾಸಕೋಶಕ್ಕೆ, ಮಿದುಳಿಗೆ, ಕರುಳಿಗೆ ಲಾಭ. 34 ವಾರದ ಕೂಸಿಗೆ 30 ವಾರದ ಕೂಸಿಗಿಂತ ಬದುಕುವ ಅವಕಾಶ ಯಾವಾಗಲೂ ಹೆಚ್ಚು. ನಂಬಿಕೆ ಹೇಗೆ ಹುಟ್ಟಿತೋ, ಊಹೆಯಷ್ಟೇ ಮಾಡಬಹುದು: ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲಿ ತಿಂಗಳ ಲೆಕ್ಕ ತಪ್ಪುವುದು ಸಾಮಾನ್ಯ; ಮದುವೆಯಾಗಿ ಏಳು ತಿಂಗಳಿಗೇ ಹುಟ್ಟಿದ ದುಂಡುದುಂಡಾದ ಮಗುವನ್ನು ಏಳು ತಿಂಗಳದ್ದೇ ಎಂದು ಹೇಳಬೇಕಾದ ಪ್ರಸಂಗಗಳೂ ಕೆಲವು ಮನೆಗಳಲ್ಲಿ ಇದ್ದಿರಬೇಕು! ಈಗ ಈ ನಂಬಿಕೆಯ ಅಪಾಯ ಏನೆಂದರೆ, ಎಂಟನೇ ತಿಂಗಳಲ್ಲಿ ನೋವು ಬಂದಾಗ "ಇನ್ನು ಉಳಿಯಲ್ಲ ಬಿಡಿ" ಎಂದು ಕೈಚೆಲ್ಲುವುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 1.34 ಕೋಟಿ ಮಕ್ಕಳು ದಿನ ತುಂಬದೆ ಹುಟ್ಟಿದವು. ಅದರಲ್ಲಿ ಸುಮಾರು 30 ಲಕ್ಷ ಭಾರತದಲ್ಲಿ, ಅಂದರೆ ಐದರಲ್ಲಿ ಒಂದಕ್ಕಿಂತ ಹೆಚ್ಚು. ಎಲ್ಲಿ ಹುಟ್ಟಿದೆ ಎನ್ನುವುದೂ ಆಯಸ್ಸನ್ನು ತೀರ್ಮಾನಿಸುತ್ತದೆ: 28 ವಾರದೊಳಗೆ ಹುಟ್ಟಿದ ನೂರು ಮಕ್ಕಳಲ್ಲಿ ಕಡುಬಡ ದೇಶಗಳಲ್ಲಿ 90ಕ್ಕೂ ಹೆಚ್ಚು ಮಕ್ಕಳು ಮೊದಲ ಕೆಲವೇ ದಿನಗಳಲ್ಲಿ ತೀರಿಹೋಗುತ್ತವೆ, ಶ್ರೀಮಂತ ದೇಶಗಳಲ್ಲಿ 10ಕ್ಕಿಂತ ಕಡಿಮೆ.

ಹತ್ತು ಸೆಂಟಿನಿಂದ ಶುರುವಾದ ನಡಿಗೆ

ಕಾಲ್ನಡಿಗೆಗೂ ಮಕ್ಕಳ ಸಂಶೋಧನೆಗೂ ಗಂಟು ಬಿದ್ದದ್ದು ಅಮೆರಿಕದಲ್ಲಿ. ಅಧ್ಯಕ್ಷ ರೂಸ್‌ವೆಲ್ಟ್ 1938ರಲ್ಲಿ ಪೋಲಿಯೊ ವಿರುದ್ಧ ಒಂದು ಸಂಸ್ಥೆ ಕಟ್ಟಿದರು. ಜನ ಹತ್ತು ಸೆಂಟಿನ ನಾಣ್ಯವನ್ನು, ಅಲ್ಲಿಯ ಮಾತಿನಲ್ಲಿ ಡೈಮ್, ಲಕೋಟೆಯಲ್ಲಿಟ್ಟು ಅಧ್ಯಕ್ಷರ ಮನೆಗೇ ಕಳಿಸಿದರು. ಹೀಗಾಗಿ ಮಾರ್ಚ್ ಆಫ್ ಡೈಮ್ಸ್ ಎಂಬ ಹೆಸರು ಬಿತ್ತು. ಸಾಕ್ ಅವರ ಪೋಲಿಯೊ ಲಸಿಕೆ 1955ರಲ್ಲಿ ಬಂತು. ಅದರ ಹಿಂದೆ ಈ ಚಿಲ್ಲರೆ ಕಾಸಿತ್ತು. ಕೆಲಸ ಮುಗಿಯಿತೆಂದು ಸಂಸ್ಥೆ ಬಾಗಿಲು ಹಾಕಲಿಲ್ಲ, 1958ರಲ್ಲಿ ಹುಟ್ಟಿನಿಂದ ಬರುವ ಊನಗಳ ಕಡೆ ತಿರುಗಿತು. 1970ರಲ್ಲಿ ಜನರನ್ನು ಬೀದಿಯಲ್ಲಿ ನಡೆಸಿ ಹಣ ಸೇರಿಸಲು ತೊಡಗಿತು. 2003ರಿಂದ ಅವಧಿಪೂರ್ವ ಜನನವೇ ಅದರ ಮುಖ್ಯ ಕೆಲಸ. ಲಂಡನ್ನಿನಲ್ಲಿ ಟಾಮೀಸ್ ಎಂಬ ಸಂಸ್ಥೆ ಇದೇ ಕೆಲಸ ಮಾಡುತ್ತದೆ. ಲಂಡನ್ ಮ್ಯಾರಥಾನಿನಲ್ಲಿ ಅದರ ಅಂಗಿ ತೊಟ್ಟು ಓಡುವವರಲ್ಲಿ ಮಗುವನ್ನು ಕಳೆದುಕೊಂಡ ಅಪ್ಪ ಅಮ್ಮಂದಿರೂ ಇರುತ್ತಾರೆ.

ಬೆಂಗಳೂರಿಗೆ ಬಂದರೆ, ಇಲ್ಲಿನ ದೊಡ್ಡ ಓಟ 2008ರಲ್ಲಿ ಶುರುವಾದ ವರ್ಲ್ಡ್ 10ಕೆ. ಏಪ್ರಿಲ್ ಇಲ್ಲವೇ ಮೇ ತಿಂಗಳ ಒಂದು ಭಾನುವಾರ ಬೆಳಗಿನ ಜಾವ ಕಂಟೋನ್ಮೆಂಟ್ ಕಡೆಯ ರಸ್ತೆಗಳು, ಪೆರೇಡ್ ಮೈದಾನದಿಂದ ಹಲಸೂರು ಕೆರೆಯ ಬದಿಯವರೆಗೆ, ಓಡುವವರ ಪಾಲಾಗುತ್ತವೆ. ವೈಟ್‌ಫೀಲ್ಡ್ ಕಡೆ ರೋಟರಿಯವರು ನಡೆಸಿಕೊಂಡು ಬಂದ ಮಿಡ್‌ನೈಟ್ ಮ್ಯಾರಥಾನ್ ಇದೆ. ನಾಲ್ವರ ತಂಡ 48 ಗಂಟೆಯಲ್ಲಿ 100 ಕಿಲೋಮೀಟರ್ ನಡೆಯುವ ಟ್ರೈಲ್‌ವಾಕರ್ 2012ರಲ್ಲಿ ಬೆಂಗಳೂರಿಗೆ ಬಂತು.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಓಟಕ್ಕೆ ಕಟ್ಟುವ ಎಂಟ್ರಿ ಫೀ ಬೇರೆ, ದೇಣಿಗೆ ಬೇರೆ. ಫೀ ಹೋಗುವುದು ಟೀಶರ್ಟು, ನೀರು, ಪದಕ, ರಸ್ತೆಯ ಏರ್ಪಾಟಿಗೆ. ದೇಣಿಗೆ ಬರಬೇಕಾದರೆ ಓಡುವವರು ಒಂದು ಸಂಸ್ಥೆಯನ್ನು ಆರಿಸಿಕೊಂಡು, ಅದರ ಹೆಸರಿನಲ್ಲಿ ಪುಟ ತೆರೆದು, ಗೆಳೆಯರ ಹತ್ತಿರ, ಆಫೀಸಿನಲ್ಲಿ, ಚಿಕ್ಕಪ್ಪ ದೊಡ್ಡಪ್ಪಂದಿರ ಹತ್ತಿರ ಬಾಯಿಬಿಟ್ಟು ಕೇಳಬೇಕು. ಹತ್ತು ಕಿಲೋಮೀಟರ್ ಓಡುವುದಕ್ಕಿಂತ ಇದೇ ಕಷ್ಟ ಎನ್ನುವವರು ಬಹಳ.

ಚಿಕಿತ್ಸೆಗೆ ಕೊಟ್ಟರೆ ಸಾಕಲ್ಲ, ಸಂಶೋಧನೆ ಯಾಕೆ?

ನ್ಯಾಯವಾದ ಪ್ರಶ್ನೆ. ಎದುರಿಗೆ ಒಂದು ಕೂಸು ಎನ್‌ಐಸಿಯುನಲ್ಲಿ ಮಲಗಿರುವಾಗ ಲ್ಯಾಬಿಗೆ ಯಾಕೆ ದುಡ್ಡು ಕೊಡಬೇಕು? ಉತ್ತರಕ್ಕೆ ಬೆಳಗಾವಿಯವರೆಗೆ ಹೋಗಬೇಕು, ಆದರೆ ಕಥೆ ಶುರುವಾಗುವುದು ನ್ಯೂಜಿಲೆಂಡಿನ ಕುರಿಮರಿಯಿಂದ.

ದಿನ ತುಂಬದ ಕೂಸಿನ ದೊಡ್ಡ ಶತ್ರು ಉಸಿರು. ಶ್ವಾಸಕೋಶದ ಪುಟ್ಟ ಗುಳ್ಳೆಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ಸರ್ಫ್ಯಾಕ್ಟಂಟ್ ಎಂಬ ಜಾರುವ ಪದಾರ್ಥ ಅಲ್ಲಿರಬೇಕು. ಅದು ಗರ್ಭದ ಕೊನೆಯ ವಾರಗಳಲ್ಲಷ್ಟೇ ಸಾಕಷ್ಟು ತಯಾರಾಗುತ್ತದೆ. ಅದರ ಕೊರತೆಯೇ ಕಾರಣ ಎಂದು 1959ರಲ್ಲಿ ಮೇರಿ ಎಲೆನ್ ಏವರಿ ತೋರಿಸಿದರು. 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲು ಹುಟ್ಟಿ, 39 ಗಂಟೆ ಬದುಕಿ, ಇದೇ ತೊಂದರೆಯಿಂದ ತೀರಿಕೊಂಡ. ಜಗತ್ತಿನ ಅತಿ ಬಲಶಾಲಿ ಮನೆಯ ಕೂಸಿಗೂ ಆಗ ಮದ್ದಿರಲಿಲ್ಲ. ಇಂದು ಆ ತಿಂಗಳಿನಲ್ಲಿ ಹುಟ್ಟಿದ ಮಗು ಒಳ್ಳೆಯ ಆಸ್ಪತ್ರೆಯಲ್ಲಿದ್ದರೆ ಸಾಮಾನ್ಯವಾಗಿ ಮನೆಗೆ ಹೋಗುತ್ತದೆ.

ನ್ಯೂಜಿಲೆಂಡಿನ ಲಿಗ್ಗಿನ್ಸ್ ಎಂಬ ವೈದ್ಯರು ಗಬ್ಬದ ಕುರಿಗಳಿಗೆ ಸ್ಟೀರಾಯ್ಡ್ ಕೊಟ್ಟು ಹೆರಿಗೆ ಹೇಗೆ ಶುರುವಾಗುತ್ತದೆಂದು ನೋಡುತ್ತಿದ್ದರು. ಬೇಗ ಹುಟ್ಟಿದ ಮರಿ ಉಸಿರಾಡಬಾರದಾಗಿತ್ತು, ಆದರೆ ಆಡುತ್ತಿತ್ತು. 1969ರಲ್ಲಿ ಅದನ್ನು ಬರೆದರು. 1972ರಲ್ಲಿ ಹೊವಿ ಎಂಬ ಮಕ್ಕಳ ವೈದ್ಯರ ಜೊತೆ ಸೇರಿ 282 ತಾಯಂದಿರ ಮೇಲಿನ ಪ್ರಯೋಗದ ಫಲಿತಾಂಶ ಪ್ರಕಟಿಸಿದರು: ಹೆರಿಗೆಗೆ ಮುಂಚೆ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಅಗ್ಗದ ಮದ್ದು, ಸುಲಭದ ಮದ್ದು.

ಹಾಗಾದರೆ ಹಳ್ಳಿಹಳ್ಳಿಗೂ ಕೊಡೋಣ ಎಂದು ಯಾರಿಗಾದರೂ ಅನಿಸುತ್ತದೆ. ಅದನ್ನೇ ಆರು ದೇಶಗಳಲ್ಲಿ, ಸುಮಾರು ಒಂದು ಲಕ್ಷ ಹೆರಿಗೆಗಳಲ್ಲಿ ಪರೀಕ್ಷಿಸಿದರು. ನಮ್ಮ ಬೆಳಗಾವಿಯೂ ಅದರಲ್ಲಿತ್ತು. 2014ರ ಕೊನೆಗೆ ಬಂದ ಫಲಿತಾಂಶ ಎಲ್ಲರ ಬಾಯಿ ಕಟ್ಟಿಸಿತು. ತೀರಾ ಚಿಕ್ಕ ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಒಟ್ಟು ಲೆಕ್ಕದಲ್ಲಿ ಸಾವಿರ ತಾಯಂದಿರಿಗೆ ಮೂರೂವರೆಯಷ್ಟು ಶಿಶುಮರಣ ಹೆಚ್ಚೇ ಆಗಿತ್ತು. ತಿಂಗಳ ಲೆಕ್ಕ ಸರಿಯಿಲ್ಲದೆ, ದಿನ ತುಂಬಿಯೇ ಹೆರುವವರಿಗೂ ಮದ್ದು ಹೋಗಿತ್ತು. ಸೋಂಕಿನ ಅನುಮಾನವೂ ಹೆಚ್ಚಾಗಿತ್ತು.

ಶ್ರೀಮಂತ ದೇಶಗಳಲ್ಲಿ ದಶಕಗಳಿಂದ ಜೀವ ಉಳಿಸಿದ ಮದ್ದು ಇಲ್ಲಿ ಹಾನಿ ಮಾಡಬಹುದೇ? ಹಾಗಿದ್ದರೆ ವೈದ್ಯರು ಕೊಡಬೇಕೋ ಬೇಡವೋ? ಈ ಪ್ರಶ್ನೆಗೆ ಮೇಜಿನ ಮುಂದೆ ಕುಳಿತು ಉತ್ತರ ಹೇಳಲಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾಗಳ 29 ಆಸ್ಪತ್ರೆಗಳಲ್ಲಿ ಇನ್ನೊಂದು ಪ್ರಯೋಗ ನಡೆಸಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಇದರಲ್ಲೂ ಕೈಜೋಡಿಸಿತ್ತು. ಈ ಸಲ ಸ್ಕ್ಯಾನಿಂಗಿನಿಂದ ವಾರಗಳನ್ನು ಖಚಿತ ಮಾಡಿಕೊಂಡು, 26ರಿಂದ 34 ವಾರದೊಳಗೆ, ಬೇಗನೆ ಹೆರಿಗೆ ಆಗಲಿರುವ 2,852 ತಾಯಂದಿರಲ್ಲಿ ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಬರೀ ನೀರಿನಂಥ ಚುಚ್ಚುಮದ್ದು. 2020ರಲ್ಲಿ ಬಂದ ಉತ್ತರ: ಮದ್ದು ಪಡೆದವರ ಮಕ್ಕಳಲ್ಲಿ ಮೊದಲ 28 ದಿನಗಳ ಸಾವು ನೂರಕ್ಕೆ 19.6, ಪಡೆಯದವರಲ್ಲಿ 23.5. ಇಪ್ಪತ್ತೈದು ತಾಯಂದಿರಿಗೆ ಕೊಟ್ಟರೆ ಒಂದು ಕೂಸು ಹೆಚ್ಚಿಗೆ ಉಳಿಯುತ್ತದೆ. ತಾಯಿಗೆ ಸೋಂಕು ಹೆಚ್ಚಲಿಲ್ಲ. ಲಾಭ ಇಷ್ಟು ಸ್ಪಷ್ಟವಾದ್ದರಿಂದ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು.

ಅದೇ ಔಷಧಿ, ಎರಡು ಫಲಿತಾಂಶ. ವ್ಯತ್ಯಾಸ ಇದ್ದದ್ದು ಯಾರಿಗೆ, ಯಾವ ವಾರದಲ್ಲಿ, ಎಂಥ ಆಸ್ಪತ್ರೆಯಲ್ಲಿ ಕೊಟ್ಟರು ಎಂಬುದರಲ್ಲಿ. ಇದನ್ನು ಕಂಡುಕೊಳ್ಳಲು ಹಿಡಿದ ಖರ್ಚೇ ಸಂಶೋಧನೆಯ ಖರ್ಚು.

ಬೆಂಗಳೂರಿನಲ್ಲೇ ನಡೆದದ್ದು ಬೇಕೆ? ಗರ್ಭಿಣಿಯರಿಗೆ ಕ್ಯಾಲ್ಸಿಯಂ ಮಾತ್ರೆ ಕೊಡುವುದು ನಿಮಗೆ ಗೊತ್ತು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ದಿನಕ್ಕೆ 1,500ರಿಂದ 2,000 ಮಿಲಿಗ್ರಾಂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿತ್ತು. ಎಂದರೆ ದಿನಕ್ಕೆ ಮೂರು ನಾಲ್ಕು ದಪ್ಪ ಮಾತ್ರೆ. ಎಷ್ಟು ಜನ ನುಂಗುತ್ತಾರೆ? ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ತಂಡ ಹಾರ್ವರ್ಡಿನವರ ಜೊತೆ ಸೇರಿ ಬೆಂಗಳೂರಿನ 11,000 ಚೊಚ್ಚಲ ಬಸುರಿಯರಲ್ಲಿ ಪರೀಕ್ಷೆ ಮಾಡಿತು. ತಾಂಜಾನಿಯಾದಲ್ಲಿ ಇನ್ನೂ 11,000. 2024ರ ಜನವರಿಯಲ್ಲಿ ಫಲಿತಾಂಶ ಬಂತು. ಗರ್ಭಿಣಿಯರ ಬಿಪಿ ಕಾಯಿಲೆಯಾದ ಪ್ರಿಎಕ್ಲಾಂಪ್ಸಿಯಾ ತಡೆಯಲು 500 ಮಿಲಿಗ್ರಾಂ ಡೋಸು 1,500ಕ್ಕಿಂತ ಏನೂ ಕಡಿಮೆಯಿಲ್ಲ. ಬೆಂಗಳೂರಿನಲ್ಲಿ ಅವಧಿಪೂರ್ವ ಜನನ ಕಡಿಮೆ ಡೋಸಿನವರಲ್ಲಿ ನೂರಕ್ಕೆ 11.4, ಹೆಚ್ಚು ಡೋಸಿನವರಲ್ಲಿ 12.8. ತಾಂಜಾನಿಯಾದಲ್ಲಿ ಮಾತ್ರ ಅವಧಿಪೂರ್ವ ಜನನದ ವಿಷಯದಲ್ಲಿ ಕಡಿಮೆ ಡೋಸೇ ಸಾಕು ಎಂದು ಖಚಿತವಾಗಿ ಹೇಳಲಾಗಲಿಲ್ಲ. (ಇದನ್ನು ಓದಿ ನಿಮ್ಮ ಮನೆಯ ಬಸುರಿಯ ಮಾತ್ರೆ ಕಡಿಮೆ ಮಾಡಬೇಡಿ, ಡೋಸು ವೈದ್ಯರ ಕೆಲಸ.) ಈ ಅಂಕಿಗಳನ್ನು ಇನ್ನೊಂದು ರೀತಿ ಓದಿ: ಮಾತ್ರೆ ಕೊಟ್ಟು, ನಿಗಾ ಇಟ್ಟು ನೋಡಿಕೊಂಡರೂ ನಮ್ಮ ಊರಿನ ನೂರು ಚೊಚ್ಚಲ ತಾಯಂದಿರಲ್ಲಿ ಹನ್ನೊಂದು ಹನ್ನೆರಡು ಜನರಿಗೆ ದಿನ ತುಂಬುವುದಿಲ್ಲ.

ಕಡಿಮೆ ಡೋಸಿನ ಆಸ್ಪಿರಿನ್ ಬಗ್ಗೆಯೂ ಬೆಳಗಾವಿ ಸೇರಿದಂತೆ ಆರು ದೇಶಗಳಲ್ಲಿ ಪ್ರಯೋಗವಾಗಿ, 2020ರಲ್ಲಿ ಚೊಚ್ಚಲ ಗರ್ಭಿಣಿಯರಲ್ಲಿ ಅವಧಿಪೂರ್ವ ಜನನ ನೂರಕ್ಕೆ 13.1ರಿಂದ 11.6ಕ್ಕೆ ಇಳಿದದ್ದು ತಿಳಿಯಿತು. ಇದೂ ಸ್ವಂತಕ್ಕೆ ತೆಗೆದುಕೊಳ್ಳುವ ಮಾತ್ರೆಯಲ್ಲ.

ಖರ್ಚೇ ಇಲ್ಲವೆನ್ನಬಹುದಾದ ಮದ್ದೂ ಒಂದಿದೆ. ಕೂಸನ್ನು ಬಟ್ಟೆಯಿಲ್ಲದೆ ತಾಯಿಯ ಎದೆಗೆ ಒರಗಿಸಿ ಕಟ್ಟಿಕೊಳ್ಳುವುದು, ಕಾಂಗರೂ ಆರೈಕೆ. ಪೆಟ್ಟಿಗೆಗಳು ಸಾಲದೆ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾದದ್ದು. ಕೂಸು ಸ್ವಲ್ಪ ಸುಧಾರಿಸಿದ ಮೇಲೆ ಮಾಡಬೇಕು ಎಂಬುದು ಮೊದಲ ರೂಢಿ. ಹುಟ್ಟಿದ ಕೂಡಲೇ ಮಾಡಿದರೆ? ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ಆಸ್ಪತ್ರೆಗಳ 3,211 ಮಕ್ಕಳಲ್ಲಿ ನೋಡಿದಾಗ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು (2021). ಇದನ್ನು ಜಿಲ್ಲಾ ಮಟ್ಟದಲ್ಲಿ ಹೇಗೆ ನಡೆಸಬಹುದು ಎಂದು ಸೇಂಟ್ ಜಾನ್ಸ್‌ನವರು ಕೊಪ್ಪಳದಲ್ಲಿ ಅಧ್ಯಯನ ಮಾಡಿದರು.

ಈ ದೊಡ್ಡ ಪ್ರಯೋಗಗಳ ಖರ್ಚು ಹೊತ್ತದ್ದು ಗೇಟ್ಸ್ ಫೌಂಡೇಶನ್, ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಂಥವರು, ಓಟಗಾರರಲ್ಲ. ಓಟದ ದುಡ್ಡಿನಿಂದ 11,000 ಜನರ ಅಧ್ಯಯನ ನಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಹುಬ್ಬೇರಿಸಿ. ಆದರೆ ಒಂದು ಚಿಕ್ಕ ಪ್ರಾಯೋಗಿಕ ಅಧ್ಯಯನ, ಮನೆಮನೆಗೆ ಹೋಗಿ ಮಗುವಿನ ತೂಕ ನೋಡುವ ಕಾರ್ಯಕರ್ತೆಯ ಸಂಬಳ, ಎರಡು ವರ್ಷದ ಫಾಲೋಅಪ್, ಇಂಥವಕ್ಕೆ ಈ ದುಡ್ಡು ನನ್ನ ಪ್ರಕಾರ ಹೇಳಿ ಮಾಡಿಸಿದ್ದು.

ಫಾರ್ವರ್ಡ್ ಬಂದಾಗ ಏನು ನೋಡಬೇಕು

ಮೊದಲು, ಹಣ ಯಾರ ಖಾತೆಗೆ? ಓಡುವ ವ್ಯಕ್ತಿಯ ಸ್ವಂತ ಯುಪಿಐ ನಂಬರೋ ಕ್ಯೂಆರ್ ಕೋಡೋ ಇದ್ದರೆ ಅಲ್ಲೇ ನಿಲ್ಲಿ. ಮನುಷ್ಯ ಪ್ರಾಮಾಣಿಕನೇ ಇರಬಹುದು, ಆದರೆ ಲೆಕ್ಕ ಕೇಳುವ ಹಕ್ಕು ನಿಮಗೆ ಉಳಿಯುವುದಿಲ್ಲ. ಹಣ ನೇರವಾಗಿ ನೋಂದಾಯಿತ ಸಂಸ್ಥೆಗೆ ಹೋಗಬೇಕು, ರಸೀದಿ ಅದರ ಹೆಸರಿನಲ್ಲಿ ಬರಬೇಕು. ತೆರಿಗೆ ವಿನಾಯಿತಿಗಾಗಿ ಎಲ್ಲರಿಗೂ 80ಜಿ ಎಂದೇ ಗೊತ್ತಿರುವ ರಸೀದಿ ಕೊಡುತ್ತಾರೆಯೇ ಕೇಳಿ. ನಗದಾಗಿ 2,000 ರೂಪಾಯಿ ದಾಟಿ ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಇಲ್ಲವೇ ಇಲ್ಲ. ಅಮೆರಿಕದ ಪೌರತ್ವ ಪಡೆದ ಅಣ್ಣ ಹಣ ಕಳಿಸುತ್ತಾನೆಂದರೆ ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇರಬೇಕು. ಅಲ್ಲಿದ್ದೂ ಭಾರತದ ಪಾಸ್‌ಪೋರ್ಟೇ ಇಟ್ಟುಕೊಂಡವರ ಹಣ ವಿದೇಶಿ ದೇಣಿಗೆ ಅಲ್ಲ.

ಆಮೇಲೆ, "ಸಂಶೋಧನೆ" ಎಂದರೆ ಏನು ಎಂದು ಕೇಳಿ. ಯಾವ ಸಂಸ್ಥೆ, ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ, ಎಥಿಕ್ಸ್ ಸಮಿತಿಯ ಒಪ್ಪಿಗೆ ಇದೆಯೇ? ಭಾರತದಲ್ಲಿ ರೋಗಿಗಳ ಮೇಲೆ ನಡೆಯುವ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ಪಟ್ಟಿಯಲ್ಲಿ ನೋಂದಣಿಯಾಗುತ್ತವೆ; ಫೋನಿನಲ್ಲೇ, ಪುಕ್ಕಟೆಯಾಗಿ ನೋಡಬಹುದು. ಚಿಕಿತ್ಸೆಗೆ ಕೇಳುವುದು ತಪ್ಪಲ್ಲ, ಆದರೆ ಅದನ್ನು ಚಿಕಿತ್ಸೆ ಎಂದೇ ಹೇಳಬೇಕು.

ಫೋಟೊವನ್ನು ಗೂಗಲ್ ಲೆನ್ಸಿಗೆ ಹಾಕಿ ನೋಡಿ. ಅದೇ ಕೂಸು ಮೂರು ದೇಶದಲ್ಲಿ ಮೂರು ಹೆಸರಿನಿಂದ ಸಿಕ್ಕರೆ ಆಶ್ಚರ್ಯಪಡಬೇಡಿ. ಹಣ ಪಡೆಯಲು ಯಾವತ್ತೂ ಯುಪಿಐ ಪಿನ್ ಬೇಕಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನೀವೇ ಓಡುವುದಾದರೆ

ನೂರು ಕಿಲೋಮೀಟರೇ ಬೇಕೆಂದಿಲ್ಲ. ಎಂ.ಜಿ. ರಸ್ತೆಯಿಂದ ಹಲಸೂರು, ಇಂದಿರಾನಗರ ದಾಟಿ ಬೈಯಪ್ಪನಹಳ್ಳಿವರೆಗಿನ ಮೆಟ್ರೊ ದಾರಿ, ನಗರದಲ್ಲಿ 2011ರಲ್ಲಿ ಮೊಟ್ಟಮೊದಲು ತೆರೆದದ್ದು, 6.7 ಕಿಲೋಮೀಟರ್. ಅದರ ಜಾಡಿನಲ್ಲೇ ಹೋಗಿ ಬಂದರೆ 13.4. ಜಗತ್ತಿನಲ್ಲಿ ವರ್ಷಕ್ಕೆ ದಿನ ತುಂಬದೆ ಹುಟ್ಟುವ ಮಕ್ಕಳು 134 ಲಕ್ಷ! ಬರೀ ಕಾಕತಾಳೀಯ, ಆದರೆ ಮೀಟರಿಗೆ ಸಾವಿರ ಕೂಸು ಎಂಬ ಲೆಕ್ಕ ದೇಣಿಗೆ ಕೇಳುವಾಗ ಕೆಲಸಕ್ಕೆ ಬರುತ್ತದೆ.

ದೇಹದ ವಿಷಯದಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಓಡುವಾಗ ಎಷ್ಟು ನೀರು ಕುಡಿದರೆ ಅಷ್ಟು ಒಳ್ಳೆಯದು ಎನ್ನುವುದು ಒಂದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಜನರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಸೋಡಿಯಂ ಅಪಾಯದ ಕಡೆ ಇಳಿದಿತ್ತು. ಅತಿಯಾಗಿ ಕುಡಿದು ಓಟದಲ್ಲಿ ತೂಕ ಹೆಚ್ಚಿಸಿಕೊಂಡವರೇ ಅವರಲ್ಲಿ ಮುಖ್ಯ. ಬಾಯಾರಿದಷ್ಟು ಕುಡಿಯಿರಿ. ಮ್ಯಾರಥಾನ್ ಓಡಿದರೆ ಹೃದಯ ನಿಲ್ಲುತ್ತದೆ ಎನ್ನುವುದು ಇನ್ನೊಂದು. ಅಮೆರಿಕದಲ್ಲಿ ಹತ್ತು ವರ್ಷ ಅರ್ಧ ಮತ್ತು ಪೂರ್ತಿ ಮ್ಯಾರಥಾನ್ ಓಡಿದ 1.09 ಕೋಟಿ ಜನರಲ್ಲಿ ಹೃದಯ ಸ್ತಂಭನವಾದದ್ದು 59 ಜನರಿಗೆ. ತೀರಾ ಅಪರೂಪ, ಆದರೆ ಸೊನ್ನೆಯಲ್ಲ. ಎದೆನೋವು, ತಲೆಸುತ್ತು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಇದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ.

ಎನ್‌ಐಸಿಯುನಿಂದ ಮಗುವನ್ನು ಮನೆಗೆ ತಂದ ತಾಯಂದಿರೇ ಎಷ್ಟೋ ಸಲ ಇಂಥ ಓಟಕ್ಕೆ ಹೊರಡುತ್ತಾರೆ. ಹೆರಿಗೆಯಾದ ಮೇಲೆ ಕನಿಷ್ಠ 12 ವಾರ ಓಟ ಬೇಡ ಎನ್ನುತ್ತದೆ 2019ರ ಬ್ರಿಟನ್ನಿನ ಮಾರ್ಗಸೂಚಿ. ನಡೆಯಿರಿ, ಸಾಕು. ಓಟವನ್ನು ಮನೆಯವರು ಓಡಲಿ.

ಬಸುರಿ ನಡೆದರೆ ಬೇಗ ಹೆರಿಗೆಯಾಗುತ್ತದೆಯೇ?

ಇಲ್ಲ. ತೊಂದರೆಯಿಲ್ಲದ, ಒಂದೇ ಮಗುವಿನ ಗರ್ಭದಲ್ಲಿ ವ್ಯಾಯಾಮದಿಂದ ಅವಧಿಪೂರ್ವ ಜನನ ಹೆಚ್ಚುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಉಲ್ಟಾ, ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಮಲಗಿಸಿದರೆ ದಿನ ತುಂಬುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ನಿಜ. ನಿಮ್ಮ ವೈದ್ಯರು ಬೇರೆ ಕಾರಣಕ್ಕೆ ವಿಶ್ರಾಂತಿ ಹೇಳಿದ್ದರೆ ಅದು ಬೇರೆ ವಿಷಯ.

37 ವಾರಕ್ಕೆ ಮೊದಲೇ ಬಿಟ್ಟುಬಿಟ್ಟು ಹೊಟ್ಟೆ ಗಟ್ಟಿಯಾಗುವುದು, ನೀರು ಹೋಗುವುದು, ರಕ್ತ ಕಾಣುವುದು, ಸೊಂಟದ ಕೆಳಗೆ ಬಿಡದ ನೋವು, ಮಗುವಿನ ಒದೆತ ಕಡಿಮೆಯಾಗುವುದು: ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಪೂರ್ವ ಬೆಂಗಳೂರಿನವರಿಗೆ ಶಿವಾಜಿನಗರದ ಘೋಷಾ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆ ಇವೆ. ಆಂಬ್ಯುಲೆನ್ಸಿಗೆ 108. ತಾಯಿ ಕಾರ್ಡ್ ಕೈಯಲ್ಲಿರಲಿ, ಇಲ್ಲದಿದ್ದರೂ ಹೊರಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಹಾಗೂ ಒಂದು ವರ್ಷದವರೆಗೆ ಮಗುವಿನ ಕಾಯಿಲೆಯ ಚಿಕಿತ್ಸೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಕುರಿಮರಿಯಿಂದ ಬೆಳಗಾವಿಯವರೆಗೆ ನಡೆದು ಬಂದ ಆ ಸ್ಟೀರಾಯ್ಡ್ ಚುಚ್ಚುಮದ್ದು ಪೂರ್ತಿ ಕೆಲಸ ಮಾಡಲು ಸುಮಾರು ಒಂದು ದಿನ ಬೇಕು, ಆದ್ದರಿಂದ ಹೆರಿಗೆಗೆ ಎಷ್ಟು ಮುಂಚೆ ಆಸ್ಪತ್ರೆ ತಲುಪುತ್ತೀರೋ ಕೂಸಿನ ಉಸಿರಿಗೆ ಅಷ್ಟು ಅನುಕೂಲ.